ಲಾಲ್‌ಬಾಗ್, ಸಾವನದುರ್ಗ, ಹಂಪಿ: ಪ್ರವಾಸಿಗರು ಕಿಕ್ಕಿರಿದಿರುವಲ್ಲಿ ಮಕ್ಕಳನ್ನು ಬಂಡೆ ಹತ್ತಿಸಬಹುದೇ?

ತ್ಯಾಗರಾಜನಗರದ ವಾಸು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿರುವ ನನ್ನ ಅಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ದಸರಾ ರಜೆಗೆ ಬೆಂಗಳೂರಿಗೆ ಬರುತ್ತಿದ್ದಾರೆ. ಮಗನಿಗೆ ಹದಿನಾರು ವರ್ಷ, ಮಗಳಿಗೆ ಹದಿಮೂರು. ಬಂಡೆ ಹತ್ತುವವರ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ, ಈ ಸಲ ಮಾಲು, ಸಿನಿಮಾ ಯಾವುದೂ ಬೇಡ, ಬಂಡೆ ಹತ್ತಿಸಲೇಬೇಕು ಎಂದು ಇಬ್ಬರೂ ಹಟ ಹಿಡಿದಿದ್ದಾರೆ. ಒಂದು ದಿನ ಬೆಳಿಗ್ಗೆ ಲಾಲ್‌ಬಾಗಿನ ಬಂಡೆ, ಇನ್ನೊಂದು ದಿನ ಸಾವನದುರ್ಗ ಅಥವಾ ರಾಮನಗರ, ಕೊನೆಗೆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಹೋಗಿ ಎರಡು ದಿನ ಹಂಪಿ ಎಂದು ನಾನು ಅಂದಾಜು ಮಾಡಿಕೊಂಡಿದ್ದೇನೆ.

ಈಗ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಹಂಪಿಯಲ್ಲಿಯೂ ಸಾವನದುರ್ಗದಲ್ಲಿಯೂ ದಿನವೂ ನೂರಾರು ಜನರು ಬಂಡೆಗಳ ಮೇಲೆ ಹತ್ತಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ನಿಜವಾಗಿಯೂ ಅಪಾಯವಿದ್ದಿದ್ದರೆ ಇಷ್ಟರಲ್ಲಿ ಬೇಲಿ ಹಾಕುತ್ತಿರಲಿಲ್ಲವೇ ಎಂಬುದು ಭಾವನವರ ವಾದ. ಅಕ್ಕನಿಗೆ ಮಾತ್ರ ಯೋಚಿಸಿದರೇ ಎದೆ ಡವಗುಟ್ಟುತ್ತದೆ. ಎಲ್ಲಿ ಹತ್ತಲು ಅನುಮತಿಯಿದೆ, ಎಲ್ಲಿ ಇಲ್ಲ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಸಾಮಾನ್ಯ ಸ್ಪೋರ್ಟ್ಸ್ ಶೂ ಸಾಕೇ, ಚಿಕ್ಕಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗಟ್ಟಿ ನೈಲಾನ್ ಹಗ್ಗವನ್ನು ಜೊತೆಗೆ ಒಯ್ದರೆ ಉಪಯೋಗವಾಗುತ್ತದೆಯೇ, ಅಕ್ಟೋಬರಿನ ಮಳೆಯನ್ನು ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಉಳಿದ ಸಂದೇಹಗಳು.

ಹಾಸುಬಂಡೆ

ವಾಸು ಅವರೇ, ತಮ್ಮ ಭಾವನವರ ಮಾತಿನಿಂದಲೇ ಆರಂಭಿಸುತ್ತೇನೆ. ನಾನು ವಾರಾಂತ್ಯಗಳಲ್ಲಿ ಹಗ್ಗ ಹಿಡಿದು ಬಂಡೆ ಹತ್ತುವ ಗುಂಪಿನೊಡನೆ ಓಡಾಡುವವನು. ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡವರನ್ನು ವಿಚಾರಿಸಿದರೆ ಸಾಮಾನ್ಯವಾಗಿ ಕೇಳಿಬರುವುದು ಆ ಮಾತೇ: ಮುಂದೆ ಯಾರೋ ಹೋಗುತ್ತಿದ್ದರು, ನಾವೂ ಹೋದೆವು. ಜನ ಹೆಚ್ಚಾದಷ್ಟೂ ಬಂಡೆ ಸುರಕ್ಷಿತವಾಗುವುದಿಲ್ಲ, ನುಣುಪಾಗುತ್ತದೆ ಅಷ್ಟೆ. ಸಾವನದುರ್ಗದ ಬಿಳಿಗುಡ್ಡದಲ್ಲಿ ಜನರು ತುಳಿದು ತುಳಿದು ಬಿಳಿಚಿಕೊಂಡಿರುವ ಗೆರೆಯೊಂದು ಕಾಣುತ್ತದೆ. ಒಣಗಿದ್ದಾಗ ಅದನ್ನು ಅನುಸರಿಸುವುದೇ ಸರಿ. ಆದರೆ ನಾಲ್ಕು ಹನಿ ಬಿದ್ದರೂ ಮೊದಲು ಜಾರುವುದು ಅಲ್ಲಿಯೇ, ಏಕೆಂದರೆ ಪಾದವನ್ನು ಹಿಡಿದು ನಿಲ್ಲಿಸುವ ಹರಳುಗಳು ಅಲ್ಲಿ ಸವೆದುಹೋಗಿರುತ್ತವೆ. ಇದಲ್ಲದೆ, ಭಾನುವಾರ ಬೆಳಿಗ್ಗೆ ಕಿರಿದಾದ ಕಡೆಗಳಲ್ಲಿ ಸಾಲು ನಿಂತುಬಿಡುತ್ತದೆ, ಹಿಂದಿನಿಂದ ಅವಸರಪಡಿಸುವವರಿರುತ್ತಾರೆ, ಕಾಯಲಾರದವರು ಪಕ್ಕಕ್ಕೆ ಸರಿದು ತಮ್ಮದೇ ದಾರಿ ಮಾಡಿಕೊಂಡು ಹೊರಡುತ್ತಾರೆ. ತೊಂದರೆ ಶುರುವಾಗುವುದು ಆ ಪಕ್ಕದ ದಾರಿಯಲ್ಲಿ.

ಸಾವನದುರ್ಗದ ಆಕಾರವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಈ ಏಕಶಿಲೆ ಕವುಚಿ ಹಾಕಿದ ಮಡಕೆಯ ಹಾಗೆ ಇದೆ. ಮೇಲೆ ಹೋದಂತೆ ಇಳಿಜಾರು ಕಡಿಮೆಯಾಗುತ್ತದೆ, ಕೆಳಗೆ ಬಂದಂತೆ ಹೆಚ್ಚಾಗುತ್ತದೆ. ಹತ್ತುವವನಿಗೆ ಕಡಿದಾದ ಭಾಗ ಮೊದಲೇ ಎದುರಾಗುವುದರಿಂದ, ತನ್ನಿಂದ ಆಗದಿದ್ದರೆ ಅಲ್ಲಿಯೇ ತಿಳಿದುಹೋಗುತ್ತದೆ. ಆದರೆ ತುದಿಯಿಂದ ಇಳಿಯುವಾಗ ಗೆರೆ ತಪ್ಪಿದವನು ಪ್ರತಿ ಹೆಜ್ಜೆಗೂ ಇನ್ನಷ್ಟು ಕಡಿದಾದ ಜಾಗಕ್ಕೆ ತಲುಪುತ್ತಾನೆ, ಹತ್ತಿಪ್ಪತ್ತು ಅಡಿಯಾಚೆ ಏನಿದೆ ಎಂಬುದು ಬಂಡೆಯ ಉಬ್ಬಿನಲ್ಲಿ ಮರೆಯಾಗಿರುತ್ತದೆ, ಕೊನೆಗೆ ಹಿಂದಿರುಗಿ ಹತ್ತುವ ಧೈರ್ಯವೂ ಉಳಿದಿರುವುದಿಲ್ಲ. 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಳಿ ಒಬ್ಬ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗೆ ಜಾರಿಬಿದ್ದು ಬಂಡೆಯ ಅಂಚಿನಲ್ಲಿ ಸಿಲುಕಿಕೊಂಡಾಗ, ಅವನನ್ನು ಮೇಲೆತ್ತಲು ಯಲಹಂಕದ ವಾಯುನೆಲೆಯಿಂದ ಹೆಲಿಕಾಪ್ಟರ್ ಬರಬೇಕಾಯಿತು. ಅದು ವಾರಾಂತ್ಯಗಳಲ್ಲಿ ವಾಹನಗಳ ಸಾಲು ಕರಗದ ಜಾಗ. ಜನಸಂದಣಿ ಅವನ ನೆರವಿಗೆ ಬರಲಿಲ್ಲ.

ಇಳಿಜಾರಿನ ಬಂಡೆಯ ಮೇಲೆ ಹೇಗೆ ನಡೆಯಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಭಯವಾದಾಗ ಬಂಡೆಯ ಕಡೆಗೆ ಬಾಗಿ ಕೈಯೂರುವುದು ಎಲ್ಲರ ಸಹಜ ಪ್ರವೃತ್ತಿ, ಆದರೆ ಹಾಗೆ ಬಾಗಿದೊಡನೆ ಮೈಭಾರವು ಪಾದವನ್ನು ಬಂಡೆಗೆ ಒತ್ತುವ ಬದಲು ಹೊರಕ್ಕೆ ತಳ್ಳುತ್ತದೆ, ಕಾಲು ಜಾರುತ್ತದೆ. ಮೈಯನ್ನು ನೇರವಾಗಿ ನಿಲ್ಲಿಸಿ, ಹಿಮ್ಮಡಿಯನ್ನು ತುಸು ತಗ್ಗಿಸಿ, ಅಟ್ಟೆಯ ಹೆಚ್ಚು ಭಾಗ ಕಲ್ಲಿಗೆ ತಾಗುವಂತೆ ಚಿಕ್ಕ ಚಿಕ್ಕ ಹೆಜ್ಜೆ ಇಡಬೇಕು. ಕೈಯ ಆಸರೆ ಬೇಕೆನಿಸುವಷ್ಟು ಕಡಿದಾಗಿದ್ದರೆ ಇಳಿಯುವಾಗ ಬಂಡೆಗೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯಬೇಕು. ಶೂ ಹೊಸದಾಗಿರಬೇಕೆಂದಿಲ್ಲ, ಅಟ್ಟೆ ಮೆತ್ತಗಿನ ರಬ್ಬರಿನದಾಗಿದ್ದು ಸವೆದಿರಬಾರದು. ಓಟಕ್ಕೆಂದು ಮಾಡಿದ, ಅಡಿಯಲ್ಲಿ ದಪ್ಪ ಫೋಮ್ ಇರುವ ಶೂಗಳಲ್ಲಿ ಬಂಡೆಯ ಏರಿಳಿತ ಕಾಲಿಗೆ ತಿಳಿಯುವುದೇ ಇಲ್ಲ.

ಒಂದು ಮಾತು ಹಗ್ಗದ ಬಗ್ಗೆ: ದಯವಿಟ್ಟು ಆ ನೈಲಾನ್ ಹಗ್ಗವನ್ನು ಮನೆಯಲ್ಲಿಯೇ ಬಿಟ್ಟು ಬನ್ನಿ. ಹಗ್ಗವಿದೆ ಎಂಬ ಭರವಸೆಯಿಂದ ಮಕ್ಕಳು ಹಗ್ಗವಿಲ್ಲದೆ ಹೋಗದ ಜಾಗಕ್ಕೆ ಹೋಗುತ್ತಾರೆ. ಮೇಲೆ ನಿಂತು ಹಗ್ಗ ಹಿಡಿದವರನ್ನು ಬಂಡೆಗೆ ಕಟ್ಟಿರದಿದ್ದರೆ, ಕೆಳಗಿನವನು ಜಾರಿದಾಗ ಇಬ್ಬರೂ ಬೀಳುತ್ತಾರೆ.

ಕಲ್ಲಿನ ಮೇಷ್ಟ್ರು

ನಾನು ಕಾಲೇಜೊಂದರಲ್ಲಿ ಭೂವಿಜ್ಞಾನ ಬೋಧಿಸಿ ನಿವೃತ್ತನಾದವನು. ಹತ್ತುವ ಕಲೆಯ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ಹತ್ತಲು ಹೊರಟಿರುವ ಕಲ್ಲಿನ ಬಗ್ಗೆ ಇದೆ.

ತಾವು ಹೆಸರಿಸಿರುವ ಜಾಗಗಳ ಕಲ್ಲು ಒಂದೇ ಬಗೆಯದಲ್ಲ. ಲಾಲ್‌ಬಾಗಿನದು ಪೆನಿನ್ಸುಲಾರ್ ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ, ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಹೆಸರನ್ನು ಬಳಕೆಗೆ ತಂದರು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1975ರಲ್ಲಿ ಆ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಮಕ್ಕಳನ್ನು ಕೆಂಪೇಗೌಡರ ಗೋಪುರದ ಕಡೆಗೆ ಓಡಲು ಬಿಡುವ ಮೊದಲು ಒಂದು ಕಡೆ ಕುಳ್ಳಿರಿಸಿ, ಕಲ್ಲಿನ ಮೈಯನ್ನು ಹತ್ತಿರದಿಂದ ನೋಡಲು ಹೇಳಿ. ತಿಳಿಬಣ್ಣದ ಮತ್ತು ಕಡುಬಣ್ಣದ ಪಟ್ಟೆಗಳು ಬಳುಕಿ, ಮಡಿಚಿ, ಒಂದರೊಳಗೊಂದು ಸೇರಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಅಷ್ಟು ಹಳೆಯ ಕಲ್ಲಿನ ಮೇಲೆ ಕೀಲಿಕೈಯಿಂದ ಹೆಸರು ಗೀಚುವವರನ್ನು ನೋಡಿದರೆ ಈ ವಯಸ್ಸಿನಲ್ಲಿಯೂ ನನ್ನ ತಾಳ್ಮೆ ತಪ್ಪುತ್ತದೆ. ಅದು ಹತ್ತುವ ಬಂಡೆಯಲ್ಲ, ನಡೆದಾಡುವ ಬಂಡೆ. ಸಾರ್ವಜನಿಕರು ನಡೆಯಲು ಅಡ್ಡಿಯಿಲ್ಲ, ಆದರೆ ಮಳೆ ನಿಂತ ಮೇಲೂ ನೀರು ಒಸರುವ ಜಾಗಗಳಲ್ಲಿ ಪಾಚಿ ಇರುತ್ತದೆ.

ಸಾವನದುರ್ಗ ಮತ್ತು ರಾಮನಗರದ ಬೆಟ್ಟಗಳು ಕ್ಲೋಸ್‌ಪೇಟ್ ಗ್ರಾನೈಟ್, ಸುಮಾರು 250 ಕೋಟಿ ವರ್ಷಗಳದು. ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಭೂಮಿಯ ಆಳದಲ್ಲಿ ಗಟ್ಟಿಯಾದ ಗ್ರಾನೈಟು ಮೇಲಿನ ಹೊರೆ ಸವೆದು ಹೋದಂತೆ ಹಿಗ್ಗುತ್ತದೆ, ಆಗ ಹೊರಮೈಗೆ ಸಮಾನಾಂತರವಾಗಿ ಬಿರುಕುಗಳು ಮೂಡಿ ಪದರ ಪದರವಾಗಿ ಕಳಚಿಕೊಳ್ಳುತ್ತದೆ. ಹತ್ತುವವರಿಗೆ ಇದು ಏಕೆ ಮುಖ್ಯವೆಂದರೆ, ಕೈಗೆ ಒಳ್ಳೆಯ ಹಿಡಿತದಂತೆ ಕಾಣುವ ಅಂಚು ಎಷ್ಟೋ ಸಲ ಹೀಗೆ ಅರ್ಧ ಕಳಚಿದ ಚಕ್ಕೆಯ ಅಂಚಾಗಿರುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಗಟ್ಟಿ ಬಂಡೆ ಮೊಂಡಾಗಿ ಸದ್ದು ಮಾಡುತ್ತದೆ, ಕಳಚಿದ ಚಕ್ಕೆ ಟೊಳ್ಳಾಗಿ ಮಾರುತ್ತರ ಕೊಡುತ್ತದೆ. ಟೊಳ್ಳು ಕೇಳಿಸಿದರೆ ಅದನ್ನು ಹಿಡಿದು ಜಗ್ಗಬಾರದು, ಕೆಳಗೆ ಜನರಿದ್ದಾಗಲಂತೂ ಮುಟ್ಟಲೇಬಾರದು. ಇನ್ನು ಬಂಡೆಯ ಮೇಲೆ ಉದ್ದಕ್ಕೆ ಇಳಿದಿರುವ ಕಪ್ಪು ಪಟ್ಟೆಗಳು ನೀರು ಹರಿಯುವ ದಾರಿಗಳು. ಅಲ್ಲಿ ಸೂಕ್ಷ್ಮಜೀವಿಗಳ ತೆಳುಪದರ ಬೆಳೆದಿರುತ್ತದೆ, ಒಣಗಿದ್ದಾಗ ನಿರುಪದ್ರವಿಯಂತೆ ಕಂಡರೂ ನೆನೆದರೆ ಎಣ್ಣೆ ಸವರಿದ ಹಾಗೆ ಜಾರುತ್ತದೆ.

ಅಕ್ಟೋಬರಿನ ಬಗ್ಗೆ ಕೇಳಿದ್ದೀರಿ. ಮುಂಗಾರು ಹಿಂದೆ ಸರಿದು ಹಿಂಗಾರು ಕಾಲಿಡುವ ಆ ದಿನಗಳಲ್ಲಿ ಬೆಂಗಳೂರಿನ ಸುತ್ತಮುತ್ತ ಮಧ್ಯಾಹ್ನದ ನಂತರ ಗುಡುಗು ಮಿಂಚಿನ ಮಳೆ ಸಾಮಾನ್ಯ. ಬೋಳು ಬಂಡೆಯ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವವರು ನಾವೇ ಆಗಿರುತ್ತೇವೆ. ಹನ್ನೊಂದು ಗಂಟೆಯ ಒಳಗೆ ಕೆಳಗಿಳಿದಿರುವಂತೆ ಹೊರಡುವ ಹೊತ್ತನ್ನು ಲೆಕ್ಕ ಹಾಕಿಕೊಳ್ಳಿ.

ಮಧುಗಿರಿ ಕಡೆಯವನು

ಮೇಲಿನ ಇಬ್ಬರ ತಿಳಿವಳಿಕೆಯನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಮ್ಮ ಸೀಮೆಯಲ್ಲಿ ಬಂಡೆಯಿಲ್ಲದ ಊರಿಲ್ಲ. ದನ ಮೇಯಿಸಲು ಹೋದ ಹುಡುಗರು, ಸೌದೆಗೆ ಹೋದ ಹೆಂಗಸರು, ಬೆಟ್ಟದ ಮೇಲಿನ ದೊಣೆಯಿಂದ ನೀರು ತರುವವರು ಎಲ್ಲರೂ ಬರಿಗಾಲಿನಲ್ಲಿ ಹತ್ತಿ ಇಳಿದವರೇ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಬರಿಗೈಯಲ್ಲಿ ಏರಿ ಕೋತಿರಾಜ್ ಎಂದೇ ಹೆಸರಾದ ಜ್ಯೋತಿರಾಜ್ ಯಾವ ಶಾಲೆಯಲ್ಲಿ ಕಲಿತರು? ನಗರದ ಮಕ್ಕಳಿಗೆ ಎಲ್ಲವನ್ನೂ ಅಪಾಯವೆಂದು ಹೇಳಿ ಹೇಳಿ, ಹತ್ತನೆಯ ತರಗತಿಯ ಹುಡುಗನಿಗೆ ಮೋರಿ ದಾಟಲೂ ಹೆದರಿಕೆಯಾಗುವ ಸ್ಥಿತಿಗೆ ತಂದಿದ್ದೇವೆ. ಆಳೆತ್ತರದ ಗುಂಡುಕಲ್ಲಿನ ಮೇಲೆ ಹತ್ತಿ, ಒಮ್ಮೆ ಜಾರಿ, ಮೊಣಕೈ ತರಚಿಸಿಕೊಂಡ ಮಗುವಿಗೆ ತನ್ನ ಮೈಯ ಅಳತೆ ಗೊತ್ತಾಗುತ್ತದೆ. ಅದನ್ನು ಯಾವ ಉಪದೇಶವೂ ಕಲಿಸುವುದಿಲ್ಲ. ವಾಸು ಅವರು ಮಕ್ಕಳನ್ನು ಖಂಡಿತ ಹತ್ತಿಸಲಿ ಎಂಬುದು ನನ್ನ ಸಲಹೆ.

ಹಾಸುಬಂಡೆ

ತಮ್ಮ ಮಾತಿನ ತಿರುಳನ್ನು ಒಪ್ಪುತ್ತೇನೆ, ಉದಾಹರಣೆಯನ್ನು ಒಪ್ಪಲಾರೆ. ಜ್ಯೋತಿರಾಜ್ ಅವರ ಹಿಂದೆ ಅದೆಷ್ಟೋ ವರ್ಷಗಳ ಅಭ್ಯಾಸವಿದೆ, ಹಾಗಿದ್ದೂ ಅವರು ಬಿದ್ದು ಪೆಟ್ಟು ಮಾಡಿಕೊಂಡದ್ದುಂಟು. ದನ ಕಾಯುವ ಹುಡುಗ ತನ್ನ ಊರಿನ ಒಂದೇ ಬಂಡೆಯನ್ನು ಬೇಸಿಗೆ, ಮಳೆಗಾಲಗಳಲ್ಲಿ ನೋಡಿ ಅರಿತವನು, ಅವನನ್ನು ಯಾರೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿರುವುದಿಲ್ಲ. ಪ್ರವಾಸಿ ತಾಣದಲ್ಲಿ ಹದಿನಾರರ ಹುಡುಗ ಹತ್ತುವುದು ಗುರುತಿಲ್ಲದ ಬಂಡೆ, ಮೇಲಾಗಿ ಸುತ್ತ ನಿಂತು ನೋಡುವವರಿರುತ್ತಾರೆ. ಅಲ್ಲಿ ಹಿಂದಿರುಗುವುದಕ್ಕೆ ಸಂಕೋಚ ಅಡ್ಡ ಬರುತ್ತದೆ. ಆಳೆತ್ತರದ ಗುಂಡು, ಕೆಳಗೆ ಮಣ್ಣಿನ ಅಥವಾ ಮರಳಿನ ನೆಲ, ಪಕ್ಕದಲ್ಲಿ ಒಬ್ಬ ಹಿರಿಯ, ಇಷ್ಟಿದ್ದರೆ ನನ್ನದೂ ಅಭ್ಯಂತರವಿಲ್ಲ. ಪಕ್ಕದಲ್ಲಿ ನಿಂತವರು ಬೀಳುವ ಮಗುವನ್ನು ಎತ್ತಿಕೊಳ್ಳಲು ಹೋಗಬಾರದು, ಸೊಂಟದ ಬಳಿ ಕೈಯಿಟ್ಟು ತಲೆ ಮತ್ತು ಬೆನ್ನು ಕಲ್ಲಿಗೆ ತಾಗದಂತೆ, ಕಾಲು ಮೊದಲು ನೆಲ ಮುಟ್ಟುವಂತೆ ತಿರುಗಿಸಿದರೆ ಸಾಕು. ಹತ್ತುವ ಮೊದಲೇ ಇಳಿಯುವ ಕಡೆ ಯಾವುದು ಎಂದು ಮಗುವಿನಿಂದಲೇ ತೋರಿಸಿಕೊಳ್ಳಿ.

ತ್ಯಾಗರಾಜನಗರದ ವಾಸು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಭಾವನವರಿಗೆ ಈ ಚರ್ಚೆಯನ್ನು ಓದಿ ಹೇಳಿದೆ. ‘ಹಾಗಾದರೆ ಹಂಪಿಯಲ್ಲಿ ವಿದೇಶಿಯರು ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬಂಡೆ ಹತ್ತಲು ಹೋಗುತ್ತಾರಲ್ಲ, ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ’ ಎಂದು ಕೇಳಿದರು. ಅವರಿಗೆ ಮಂಡಿ ನೋವಿದೆ ಎಂಬುದನ್ನೂ, ಚಿಕ್ಕವಳು ಕನ್ನಡಕ ಹಾಕುತ್ತಾಳೆ ಎಂಬುದನ್ನೂ ಮೊದಲೇ ತಿಳಿಸಬೇಕಾಗಿತ್ತೇನೋ. ರಾಮನಗರದ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಹೊಸಪೇಟೆ ಹುಡುಗಿ

ವಾಸು ಸರ್, ನಾನು ಹೊಸಪೇಟೆಯವಳು, ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಹಂಪಿಯ ವಿಷಯಕ್ಕೆ ನಾನು ಉತ್ತರಿಸಬಹುದು.

ಭಾವನವರು ಹೇಳುವ ಆ ಹಾಸಿಗೆ ಬೋಲ್ಡರಿಂಗ್ ಮಾಡುವವರ ಕ್ರ್ಯಾಷ್ ಪ್ಯಾಡ್. ಹಗ್ಗವಿಲ್ಲದೆ ಚಿಕ್ಕ ಗುಂಡುಗಳನ್ನು ಹತ್ತಿ, ಬಿದ್ದರೆ ಅದರ ಮೇಲೆ ಬೀಳುವುದು ಅವರ ಪದ್ಧತಿ. ಆದರೆ ಅವರು ಹತ್ತುವುದು ವಿರೂಪಾಕ್ಷ ದೇವಾಲಯದ ಪಕ್ಕದಲ್ಲಿ ಅಲ್ಲ, ಹೆಚ್ಚಾಗಿ ನದಿಯಾಚೆ, ಆನೆಗೊಂದಿ ಮತ್ತು ಸಾಣಾಪುರದ ಸುತ್ತ. ಹಿಂದೆ ವಿರೂಪಾಪುರ ಗಡ್ಡೆಯಲ್ಲಿ ಉಳಿದುಕೊಳ್ಳುತ್ತಿದ್ದರು, ನ್ಯಾಯಾಲಯದ ತೀರ್ಪಿನಂತೆ ಅಲ್ಲಿನ ವಸತಿಗೃಹಗಳನ್ನು 2020ರಲ್ಲಿ ತೆರವುಗೊಳಿಸಲಾಯಿತು. ಅವರ ಕಾಲವೂ ಬೇರೆ, ಕಲ್ಲು ಕಾಯದ ನವೆಂಬರಿನಿಂದ ಫೆಬ್ರುವರಿಯವರೆಗೆ ಬರುತ್ತಾರೆ, ಬೆಳಿಗ್ಗೆ ಮತ್ತು ಸಂಜೆ ಮಾತ್ರ ಹತ್ತುತ್ತಾರೆ. ಬಿಸಿಲಿನಲ್ಲಿ ಬೆರಳು ಬೆವರಿ ಹಿಡಿತ ತಪ್ಪುತ್ತದೆಂಬುದು ಅವರಿಗೆ ಗೊತ್ತು. ಪ್ಯಾಡ್ ಬಾಡಿಗೆಗೆ ಕೊಟ್ಟು ಜೊತೆಗೆ ಬರುವ ಸ್ಥಳೀಯ ಯುವಕರು ಆ ಕಡೆ ಸಿಗುತ್ತಾರೆ. ನ್ಯಾಯ ಎಲ್ಲರಿಗೂ ಒಂದೇ ಸರ್, ಜಾಗ ಬೇರೆ.

ಸ್ಮಾರಕಗಳ ನಡುವೆ ಇರುವ ಗುಂಡುಗಳ ಮಾತು ಹಾಗಲ್ಲ. ಹಂಪಿ 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿ ಎಷ್ಟೋ ಕಡೆ ಮಂಟಪವನ್ನು ಬಂಡೆಗೆ ಆತು ಕಟ್ಟಿದ್ದಾರೆ, ಬಂಡೆಯ ಮೈಯಲ್ಲಿಯೇ ಉಬ್ಬುಶಿಲ್ಪಗಳಿವೆ, ಹೇಮಕೂಟದ ಹಾಸುಗಲ್ಲಿನ ಮೇಲೂ ಕಾಲಿಟ್ಟಲ್ಲಿ ಕೆತ್ತನೆ ಸಿಗುತ್ತದೆ. ಯಾವುದು ಬರೀ ಕಲ್ಲು, ಯಾವುದು ಸ್ಮಾರಕ ಎಂದು ಗೆರೆ ಎಳೆಯುವುದು ಅಲ್ಲಿ ಸಾಧ್ಯವಿಲ್ಲ. ಗೋಡೆ, ಕಂಬ, ಮಂಟಪದ ಮಾಳಿಗೆಗಳ ಮೇಲೆ ಹತ್ತುವುದಂತೂ ಕಾನೂನಿಗೆ ವಿರುದ್ಧ. 2019ರಲ್ಲಿ ವಿಷ್ಣು ದೇವಾಲಯದ ಕಂಬಗಳನ್ನು ತಳ್ಳಿ ಬೀಳಿಸಿದ ಯುವಕರಿಂದಲೇ ಅವುಗಳನ್ನು ಮತ್ತೆ ನಿಲ್ಲಿಸಿ, ತಲಾ 70,000 ರೂಪಾಯಿ ದಂಡ ವಿಧಿಸಿದ್ದು ತಮಗೆ ನೆನಪಿರಬಹುದು. ಆನೆಗೊಂದಿಯ ಒನಕೆ ಕಿಂಡಿಯಲ್ಲಿ ಇತಿಹಾಸಪೂರ್ವ ಕಾಲದ ಚಿತ್ರಗಳಿರುವ ಬಂಡೆಗಳಿವೆ. ಅಂಥ ಕಡೆ ಬೆವರಿದ ಕೈಯಾಗಲಿ, ಹತ್ತುವವರು ಬಳಸುವ ಚಾಕ್ ಪುಡಿಯಾಗಲಿ ತಾಗಲೇಬಾರದು.

ಮಕ್ಕಳಿಗೆ ಬೆಟ್ಟ ಹತ್ತಿದ ಸಂತೋಷ ಬೇಕೆಂದರೆ ಮಾತಂಗ ಪರ್ವತಕ್ಕೆ ಕರೆದೊಯ್ಯಿರಿ. ಮೆಟ್ಟಿಲಿರುವ ದಾರಿಯಿಂದಲೇ ಹೋಗಿ, ನೆತ್ತಿಯಿಂದ ಅಚ್ಯುತರಾಯ ದೇವಾಲಯ ಪೂರ್ತಿ ಕಾಣುತ್ತದೆ. ಸೂರ್ಯೋದಯಕ್ಕೆಂದು ಕತ್ತಲಲ್ಲಿ ಹತ್ತುವವರು ಬಹಳ, ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು ಹತ್ತಿದರೆ ಒಂದು ಕೈ ವ್ಯರ್ಥವಾಗುತ್ತದೆ, ತಲೆಗೆ ಕಟ್ಟುವ ದೀಪ ತನ್ನಿ. ವಾಲಿ ಸುಗ್ರೀವರು ಜಗಳವಾಡಿ ಎಸೆದ ಕಲ್ಲುಗಳೇ ಈ ಗುಂಡುಗಳು ಎಂದು ನಮ್ಮಜ್ಜಿ ಹೇಳುತ್ತಿದ್ದರು, ಮೇಷ್ಟ್ರು ಇನ್ನೇನಾದರೂ ಹೇಳಬಹುದು.

ಕಲ್ಲಿನ ಮೇಷ್ಟ್ರು

ತಮ್ಮ ಅಜ್ಜಿಯವರ ಕಥೆಗೆ ನನ್ನ ಆಕ್ಷೇಪವಿಲ್ಲ. ಆದರೂ ಹೇಳಿಬಿಡುತ್ತೇನೆ, ಆ ಗುಂಡುಗಳನ್ನು ಯಾರೂ ಎಸೆದಿಲ್ಲ, ಹೆಚ್ಚಿನವು ತಾವಿದ್ದಲ್ಲಿಯೇ ರೂಪುಗೊಂಡವು. ಗ್ರಾನೈಟಿನ ಅಡ್ಡ, ಉದ್ದ ಸೀಳುಗಳಲ್ಲಿ ನೀರಿಳಿದು ಅಂಚುಗಳು ಕೊಳೆತು, ನಡುವಿನ ಗಟ್ಟಿ ತಿರುಳು ಗುಂಡಾಗಿ ಉಳಿಯಿತು, ಸುತ್ತಲಿನ ಪುಡಿ ಕೊಚ್ಚಿಹೋಯಿತು. ಹಾಗಾಗಿ ಒಂದರ ಮೇಲೊಂದು ಕುಳಿತಿರುವ ಗುಂಡುಗಳು ಕೆಲವೊಮ್ಮೆ ಅಂಗೈಯಗಲದ ಆಧಾರದ ಮೇಲೆ ನಿಂತಿರುತ್ತವೆ. ದೊಡ್ಡವು ಅಲುಗುವುದಿಲ್ಲ. ಅವುಗಳ ಸಂದಿಯಲ್ಲಿ ಸಿಕ್ಕಿಕೊಂಡಿರುವ ಸಣ್ಣ ಕಲ್ಲುಗಳ ಮೇಲೆ ಭಾರ ಹಾಕುವಾಗ ಎಚ್ಚರವಿರಲಿ.

ಹಾಸುಬಂಡೆ

ರಾಮನಗರದ ಬಗ್ಗೆ. ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ, ಸುಮಾರು 346 ಹೆಕ್ಟೇರ್. ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಹತ್ತುವವರಿಗೆ ಇಷ್ಟವಾಗುವಂಥ ಕಡಿದಾದ ಬಂಡೆಯ ಅಂಚುಗಳಲ್ಲಿಯೇ, ಆದ್ದರಿಂದ ಅಲ್ಲಿ ಮೆಟ್ಟಿಲು ಬಿಟ್ಟು ಕದಲುವಂತಿಲ್ಲ. ದೇವಸ್ಥಾನದವರೆಗೆ ಹೋಗಿ ಬನ್ನಿ, ದುರ್ಬೀನು ಇದ್ದರೆ ಒಯ್ಯಿರಿ. ಇಲ್ಲಿಯೂ ಸಾವನದುರ್ಗದಲ್ಲಿಯೂ ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಗೂಡುಗಳಿರುತ್ತವೆ. ಕೂಗಾಟ, ಹೊಗೆ, ಗಾಢವಾದ ಸೆಂಟು ಇವು ಹೆಜ್ಜೇನನ್ನು ಕೆರಳಿಸುತ್ತವೆ. ಇಳಿಜಾರಿನಲ್ಲಿ ಜೇನು ಮುತ್ತಿದರೆ ಕಚ್ಚಿದ್ದಕ್ಕಿಂತ ಓಡಿ ಬಿದ್ದದ್ದೇ ದೊಡ್ಡ ಪೆಟ್ಟಾಗುತ್ತದೆ.

ಭಾವನವರ ಮಂಡಿ ನೋವಿಗೆ ಸಾವನದುರ್ಗ ತಕ್ಕ ಜಾಗವಲ್ಲ. ಹತ್ತುವಾಗ ಏನೂ ಅನ್ನಿಸದ ಮಂಡಿ, ಇಳಿಯುವಾಗ ಪ್ರತಿ ಹೆಜ್ಜೆಗೂ ಮೈಭಾರ ತಡೆಯಬೇಕಾಗುತ್ತದೆ, ನಡುವೆ ಕೂತರೆ ಎಬ್ಬಿಸಿ ತರಲು ಬೇರೆ ದಾರಿಯಿಲ್ಲ. ಅವರು ಬೆಟ್ಟದ ಬುಡದ ವೀರಭದ್ರ, ನರಸಿಂಹ ದೇವಾಲಯಗಳ ಬಳಿ ಇದ್ದರೆ ಒಳ್ಳೆಯದು. ಕನ್ನಡಕಕ್ಕೆ ಹಿಂಬದಿಯಿಂದ ಬಿಗಿಯುವ ಪಟ್ಟಿ ಹಾಕಿಸಿ.

ಮಕ್ಕಳಿಗೆ ಹಗ್ಗ ಹಿಡಿದು ಹತ್ತುವ ಆಸೆ ನಿಜವಾಗಿಯೂ ಇದ್ದರೆ, ಒಂದು ದಿನವನ್ನು ಬೆಂಗಳೂರಿನಲ್ಲಿಯೇ ಅದಕ್ಕೆ ಮೀಸಲಿಡಿ. ಕಂಠೀರವ ಕ್ರೀಡಾಂಗಣದಲ್ಲಿ ಹತ್ತುವುದಕ್ಕೆಂದೇ ಕಟ್ಟಿದ ಕೃತಕ ಗೋಡೆಯಿದೆ, ಖಾಸಗಿ ಬೋಲ್ಡರಿಂಗ್ ಜಿಮ್‌ಗಳೂ ಇವೆ. ನೈಜ ಬಂಡೆಯೇ ಬೇಕೆಂದರೆ ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಲ್ಲಿ ಶಿಲಾರೋಹಣ ತರಬೇತಿಯ ಬಗ್ಗೆ ವಿಚಾರಿಸಿ. ಯಾರ ಜೊತೆ ಹೋದರೂ ಗಮನಿಸಬೇಕಾದದ್ದು ಇಷ್ಟು: ಹೆಲ್ಮೆಟ್ ಎಲ್ಲರಿಗೂ ಇದೆಯೇ, ಹಗ್ಗವನ್ನು ಮೇಲೆ ಎರಡು ಬೇರೆ ಬೇರೆ ಆಧಾರಗಳಿಗೆ ಕಟ್ಟಿದ್ದಾರೆಯೇ, ಮಗು ನೆಲ ಬಿಡುವ ಮುನ್ನ ಹಗ್ಗ ಸೇರಿಸಲು ಸೊಂಟಕ್ಕೆ ಕಟ್ಟುವ ಪಟ್ಟಿಯಾದ ಹಾರ್ನೆಸ್ಸಿನ ಬಕಲನ್ನೂ ಎಂಟರ ಆಕಾರದ ಗಂಟನ್ನೂ ತರಬೇತುದಾರರು ಕೈಯಿಂದ ಮುಟ್ಟಿ ನೋಡುತ್ತಾರೆಯೇ. ಅವಸರದಲ್ಲಿ ದೂರದಿಂದಲೇ ‘ಸರಿಯಿದೆ, ಹತ್ತು’ ಎನ್ನುವವರ ಬಳಿ ಮಕ್ಕಳನ್ನು ಬಿಡಬೇಡಿ. ಸಾವನದುರ್ಗದ ಕಡಿದಾದ ಮೈಯಲ್ಲಿ ಬೆಳದಿಂಗಳು, ದೀಪಾವಳಿ ಎಂಬ ಹೆಸರಿನ ಉದ್ದನೆಯ ಹಗ್ಗದ ಮಾರ್ಗಗಳಿವೆ, ಹುಡುಗನಿಗೆ ಆಸಕ್ತಿ ನಿಂತರೆ ಮುಂದೊಂದು ದಿನ ಅವನೇ ಅಲ್ಲಿಗೆ ಹೋಗಬಹುದು.

ಸಾವನದುರ್ಗಕ್ಕೆ ಹೊರಡುವ ಮೊದಲು ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ನೋಡಿಕೊಳ್ಳಿ, ರಜಾದಿನಗಳಲ್ಲಿ ಬೇಗ ತುಂಬುತ್ತದೆ. ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಹಿಂದಿನ ರಾತ್ರಿ ಮಾಗಡಿ ಕಡೆ ಮಳೆಯಾಗಿದ್ದರೆ ಮಂಚನಬೆಲೆ ಜಲಾಶಯವನ್ನು ದಡದಿಂದ ನೋಡಿಕೊಂಡು ಹಿಂದಿರುಗಿ, ಟಿಕೆಟ್ಟಿನ ಹಣ ಹೋದರೆ ಹೋಗಲಿ.